ಮೂಲೆಯಿಲ್ಲದ ಮನೆಯ ಮೇಸ್ತ್ರಿ

ಮೇಸ್ತ್ರಿ ತೀರಿಕೊಂಡ ಸುದ್ದಿ ನನಗೆ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಯಿತು. ಯಾರೂ ಹೇಳಿ ಕಳಿಸಿದ್ದಲ್ಲ. ಹೇಳಿ ಕಳಿಸುವಂಥ ಸಂಬಂಧವನ್ನು ನಾನು ಆ ಮನೆಯ ಜೊತೆ ಉಳಿಸಿಕೊಂಡಿರಲಿಲ್ಲ. ಮಧುಗಿರಿ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ, ಹಿಂದೆ ನಮ್ಮ ಕಾಮಗಾರಿಗಳಿಗೆ ಜಲ್ಲಿ ಸಾಗಿಸುತ್ತಿದ್ದ ಲಾರಿ ಡ್ರೈವರೊಬ್ಬ ಗುರುತು ಹಿಡಿದು ಬಂದು ಪಕ್ಕದಲ್ಲಿ ಕೂತ. ನನ್ನ ಮಂಡಿನೋವು, ಅವನ ಸಕ್ಕರೆ ಕಾಯಿಲೆ, ಮಳೆ ಬೆಳೆ ಎಲ್ಲ ಮಾತಾಡಿ ಮುಗಿಯಿತು. ಅವನು ಎದ್ದು ಪಂಚೆ ಕೊಡವಿಕೊಳ್ಳುತ್ತಾ, ಸಿರಾದ ತಟ್ಟೆ ಬಿಲ್ಡಿಂಗ್ ಕಟ್ಟಿದ ಮೇಸ್ತ್ರಿ ಹೋದ ವಾರ ಹೋಗಿಬಿಟ್ಟನೆಂದೂ, ಸೋಮವಾರ ಹಟ್ಟಿಯಲ್ಲಿ ತಿಥಿಯೆಂದೂ ಹೇಳಿದ. ಆಮೇಲೆ ಮಧುಗಿರಿ ಬಸ್ಸು ಬಂತು, ಹೋಯಿತು. ನಾನು ಏಳಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು.

ಸರ್ಕಾರಿ ಕೆಲಸದಲ್ಲಿ ಮೂವತ್ತು ವರ್ಷ ಓವರ್ಸೀರ್ ಆಗಿ ಸವೆದವನು ನಾನು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳನ್ನು ಗಾಣದೆತ್ತಿನ ಹಾಗೆ ಸುತ್ತಿದ್ದೇನೆ. ಎಷ್ಟು ಮೋರಿ, ಎಷ್ಟು ಶಾಲೆ ಕೊಠಡಿ, ಎಷ್ಟು ಕೆರೆ ಏರಿ ಅನ್ನುವುದು ಈಗ ನೆನಪಿಗೂ ಬರುವುದಿಲ್ಲ. ನೆನಪಿರುವುದು ಒಂದೇ ಕಟ್ಟಡ, ಒಬ್ಬನೇ ಮೇಸ್ತ್ರಿ. ಅವನು ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಆದರೂ ನಾನು ಏಕವಚನದಲ್ಲೇ ಮಾತಾಡಿಸಿದೆ, ನಮ್ಮ ಇಲಾಖೆಯಲ್ಲಿ ಅದೇ ರೂಢಿ. ಸತ್ತ ಮೇಲೆ ಬಹುವಚನ ಹಚ್ಚಿದರೆ ನಾಟಕವಾಗುತ್ತದೆ, ಅದಕ್ಕೇ ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಸಿರಾ ಪಟ್ಟಣಕ್ಕೊಂದು ಭವನ ಬೇಕು ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದರು. ಭವನ ಅಂದರೆ ನಾಲ್ಕು ಗೋಡೆ, ಒಂದು ವೇದಿಕೆ, ಮುಂದೆ ಎರಡು ಕಂಬ ಅಂತ ನಾವು ತಿಳಿದಿದ್ದೆವು. ಅಷ್ಟರಲ್ಲಿ ಬೆಂಗಳೂರಿನಿಂದ ಒಬ್ಬ ಆರ್ಕಿಟೆಕ್ಟ್ ಬಂದ. ಹೊರದೇಶದಲ್ಲಿ ಓದಿ ಬಂದ ಹುಡುಗ, ಹೆಗಲವರೆಗೆ ಕೂದಲು, ನೆಲ ಗುಡಿಸುವ ಪ್ಯಾಂಟು. ಪ್ಲಾಸ್ಟರಿನಲ್ಲಿ ಮಾಡಿದ ಮಾದರಿಯೊಂದನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತು ತಂದಿದ್ದ. ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದ. ಬಗ್ಗಿದ ಎಂಟು ಕಾಲು, ಅದರ ಮೇಲೊಂದು ಬೋರಲು ಹಾಕಿದ ತಟ್ಟೆ, ತಟ್ಟೆಯ ಅಂಚು ಮತ್ತೆ ಮೇಲಕ್ಕೆ ಸುರುಳಿ. ಒಳಗೆ ಒಂದೇ ಒಂದು ಕಂಬ ಇಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ ಊರೂರಲ್ಲೂ ಇಂಥ ಕಟ್ಟಡಗಳು ಬರುತ್ತವೆ, ಸಿರಾದವರು ಮೊದಲಿಗರಾಗುತ್ತಾರೆ ಎಂದು ಹೇಳಿದ. ಊರಿನ ಹಿರಿಯರೊಬ್ಬರು ಬಾಗಿಲು ಎಲ್ಲಿ ಎಂದು ಕೇಳಿದರು. ಎರಡು ಕಾಲಿನ ನಡುವೆ ಎಲ್ಲಿ ಬೇಕಾದರೂ ಎಂದ. ನಮ್ಮ ಹೆಡ್ ಕ್ಲರ್ಕು ನನ್ನ ಕಿವಿಯಲ್ಲಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಪಿಸುಗುಟ್ಟಿದರು.

ಕಂಟ್ರಾಕ್ಟರು ಕರೆತಂದ ಮೂರು ಜನ ಮೇಸ್ತ್ರಿಗಳು ಆ ಮಾದರಿಯನ್ನು ನೋಡಿ, ತಲೆ ಕೆರೆದುಕೊಂಡು, ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಹೋದರು. ನಾಲ್ಕನೆಯವನೇ ಇವನು. ಬರಗೂರಿನ ಆಚೆ ಒಂದು ಹಟ್ಟಿಯವನು. ಕುರಿ ಕಾಯುವ ಮನೆತನ. ಇವನೊಬ್ಬ ಹರೆಯದಲ್ಲೇ ಕುರಿ ಬಿಟ್ಟು ಅಣೆಕಟ್ಟುಗಳ ಕೆಲಸಕ್ಕೆ ಹೋಗಿ, ಕಾಂಕ್ರೀಟಿನ ಮರ್ಮವನ್ನೆಲ್ಲ ಕಲಿತು ಬಂದಿದ್ದ. ಒಣಗಿದ ಆಳು, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಅಕ್ಷರ ಬರುತ್ತಿರಲಿಲ್ಲ, ಪೆನ್ಸಿಲ್ ಇದ್ದದ್ದು ಹಲಗೆಯ ಮೇಲೆ ಗೆರೆ ಎಳೆಯುವುದಕ್ಕೆ. ಮಾದರಿಯ ಸುತ್ತ ಒಂದು ಸುತ್ತು ಬಂದು, ಯಾರನ್ನೂ ಕೇಳದೆ ಅದನ್ನು ನೆಲಕ್ಕಿಳಿಸಿ, ಮೂಲೆಯಲ್ಲಿದ್ದ ಚೊಂಬಿನ ನೀರನ್ನು ಅದರ ನೆತ್ತಿಯ ಮೇಲೆ ಸುರಿದುಬಿಟ್ಟ. ಆರ್ಕಿಟೆಕ್ಟನ ಮುಖ ಕಪ್ಪಿಟ್ಟಿತು. ನೀರು ಇಳಿದು ಬಂದು ಅಂಚಿನ ಸುರುಳಿಯಲ್ಲಿ ನಿಂತಿತು.

"ಈ ನೀರು ಎಲ್ಲಿಗೋಯ್ತದೆ ಸಾಮಿ?" ಎಂದು ಕೇಳಿದ.

ಕಾಲುಗಳ ಒಳಗೆ ಪೈಪು ಇರುತ್ತದೆ, ಅದರಲ್ಲಿ ಇಳಿದು ಹೋಗುತ್ತದೆ ಎಂದು ಆರ್ಕಿಟೆಕ್ಟ್ ಸಿಡಿದ. ಮೇಸ್ತ್ರಿ, ಕಾಲೊಳಗೆ ನೀರು ತುಂಬಿಕೊಂಡರೆ ನಮ್ಮ ಕಡೆ ಆನೆಕಾಲು ಅಂತಾರೆ ಎಂದ. ಎಲ್ಲರೂ ನಕ್ಕರು, ಕೊನೆಗೆ ಆ ಹುಡುಗನೂ ನಕ್ಕ. ಕೆಲಸ ಇವನಿಗೇ ಆಯಿತು.

ತಟ್ಟೆಯ ಬಾಗನ್ನು ಅವನು ತೆಗೆದ ರೀತಿಯನ್ನು ಹೇಳಬೇಕು. ನಕ್ಷೆ ಹತ್ತು ಹಾಳೆ ಇತ್ತು. ಅದನ್ನು ನಾನು ಓದಿ ಅಳತೆ ಹೇಳುವುದು, ಅವನು ಸೆಂಟ್ರಿಂಗಿನ ಹಲಗೆ ಕೊಯ್ಯಿಸುವುದು ಎಂದು ಒಪ್ಪಂದ. ಸೆಂಟ್ರಿಂಗು ಅಂದರೆ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಮರದ ಅಚ್ಚು. ಅವನು ನನ್ನ ಅಳತೆಯನ್ನು ಕೇಳಿಸಿಕೊಂಡ. ಮಾರನೆಯ ದಿನ ಬಯಲಿನಲ್ಲಿ ಎರಡು ಸರ್ವೆ ಮರದ ಕಂಬ ನೆಟ್ಟು, ಕಪಿಲೆ ಬಾವಿಯ ಹಗ್ಗವೊಂದನ್ನು ಅವುಗಳ ನಡುವೆ ಜೋಲುಬಿಟ್ಟ. ಹಗ್ಗ ತಾನಾಗಿ ಒಂದು ಬಾಗು ಹಿಡಿದು ನಿಂತಿತು. ಹಿಂದೆ ಬಿದಿರಿನ ತಟ್ಟಿಗಳನ್ನು ನಿಲ್ಲಿಸಿ ಆ ಬಾಗಿನ ಗೆರೆಯನ್ನು ಸುಣ್ಣದಲ್ಲಿ ಇಳಿಸಿಕೊಂಡು, ಆಮೇಲೆ ಅದನ್ನೇ ತಲೆಕೆಳಗು ಮಾಡಿದ. ನನ್ನ ನಕ್ಷೆಯ ಅಳತೆ ಇಟ್ಟು ನೋಡಿದರೆ ನಾಲ್ಕು ಬೆರಳಿನ ವ್ಯತ್ಯಾಸವೂ ಇಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಕಾಗ್ದಕ್ಕೆ ಲೆಕ್ಕ ಗೊತ್ತು, ಹಗ್ಗಕ್ಕೆ ಭಾರ ಗೊತ್ತು ಸಾಮಿ. ಎರಡೂ ಕೇಳ್ಬೇಕು," ಎಂದ.

ಮರಳಿನ ಗಾಡಿ ಬಂದರೆ ಮೊದಲು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದ. ಉಪ್ಪು ಹತ್ತಿತೋ, ಥೂ ಎಂದು ಉಗಿದು ಗಾಡಿಯನ್ನೇ ವಾಪಸು ಕಳಿಸುತ್ತಿದ್ದ. ನಮ್ಮ ಕಡೆ ಹಳ್ಳಗಳ ಮರಳಿನಲ್ಲಿ ಚೌಳಿನ ಅಂಶ ಹೆಚ್ಚು, ಅದು ಒಳಗಿನ ಕಬ್ಬಿಣದ ಕಂಬಿಯನ್ನು ತಿನ್ನುತ್ತದೆ ಎಂದು ಅವನ ನಂಬಿಕೆ. ಕಂಟ್ರಾಕ್ಟರು ನನ್ನ ಹತ್ತಿರ ಬಂದು, ನಿಮ್ಮ ಮೇಸ್ತ್ರಿಗೆ ಮರಳು ತಿನ್ನುವ ಚಟ ಎಂದು ದೂರುತ್ತಿದ್ದ. ಬೆಳಿಗ್ಗೆ ಬಂದ ಕೂಡಲೇ ಹಿಂದಿನ ದಿನದ ಕೆಲಸವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಹೊಸ ಕಾಂಕ್ರೀಟಿನ ಮೇಲೆ ಚಪ್ಪಲಿ ಹಾಕಿಕೊಂಡು ಹತ್ತಿದವರನ್ನು, ನಮ್ಮ ಮೇಲಧಿಕಾರಿಯನ್ನೂ ಸೇರಿಸಿ, ಮುಲಾಜಿಲ್ಲದೆ ಕೆಳಗಿಳಿಸಿದ್ದಾನೆ. ಅವನ ಹೆಂಡತಿ ಅದೇ ಕೆಲಸದಲ್ಲಿ ಕಾಂಕ್ರೀಟಿನ ಬಾಂಡ್ಲಿ ಹೊರುತ್ತಿದ್ದಳು. ಗಂಡನೆಂದು ಒಂದು ಗಳಿಗೆ ಹೆಚ್ಚು ಕೂತವಳಲ್ಲ, ಹೆಂಡತಿಯೆಂದು ಅವನೂ ಬಿಟ್ಟವನಲ್ಲ.

ಮೇಸ್ತ್ರಿಗಳಲ್ಲಿ ಒಂದು ಪದ್ಧತಿಯಿದೆ. ಸೆಂಟ್ರಿಂಗ್ ಬಿಚ್ಚುವ ದಿನ ಕಟ್ಟಿದವನು ಅದರ ಕೆಳಗೆ ಕೂತಿರಬೇಕು. ಮೂರು ಅಂಗುಲ ದಪ್ಪದ ತಟ್ಟೆ, ಒಳಗೆ ಕಂಬವಿಲ್ಲ. ನಾವು ಇಲಾಖೆಯವರೆಲ್ಲ ದೂರದ ಬೇವಿನ ಮರದ ಕೆಳಗೆ ನಿಂತಿದ್ದೆವು. ಆರ್ಕಿಟೆಕ್ಟ್ ನಮಗಿಂತಲೂ ಹಿಂದೆ ನಿಂತಿದ್ದ. ಮೇಸ್ತ್ರಿ ನಟ್ಟನಡುವೆ ಒಂದು ಸಿಮೆಂಟ್ ಚೀಲ ಹಾಸಿಕೊಂಡು ಚಕ್ಕಂಬಕ್ಕಳ ಹಾಕಿ ಕೂತ. ಆಳುಗಳು ಸೆಂಟ್ರಿಂಗಿನ ಸರ್ವೆ ಕಂಬಗಳನ್ನು ಒಂದೊಂದಾಗಿ ಒದೆಯತೊಡಗಿದರು. ಅಷ್ಟರಲ್ಲಿ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಅವನ ಪಕ್ಕದಲ್ಲಿ ಕೂತಳು. ನಾನು ಹೊರಗೆ ಬಾಮ್ಮ ಎಂದು ಕೂಗಿದೆ. "ನಾನೂ ಬಾಂಡ್ಲಿ ಹೊತ್ತಿವ್ನಿ ಕಣ್ ಸಾಮಿ," ಎಂದಳು, ಅಷ್ಟೇ. ಕೊನೆಯ ಕಂಬ ಬಿತ್ತು. ತಟ್ಟೆ ಕದಲಲಿಲ್ಲ. ಅವನು ಎಲೆಯಡಿಕೆ ಚೀಲ ಬಿಚ್ಚಿ ಅವಳಿಗೆ ಅಡಿಕೆ ಕೊಟ್ಟ. ನನ್ನ ಜೀವನದಲ್ಲಿ ಕೆಲಸದ ಬಗ್ಗೆ ನನಗೆ ಹೆಮ್ಮೆಯೆನಿಸಿದ್ದು ಆವತ್ತೊಂದೇ ದಿನ, ಅದೂ ಬೇರೆಯವರ ಕೆಲಸ.

ಉದ್ಘಾಟನೆಯಾಯಿತು. ಬರಗೂರು, ಗೌಡಗೆರೆ ಕಡೆಯಿಂದ ಜನ ಬಸ್ಸು ಹಿಡಿದು ಬಂದು ನೋಡಿದರು. ಎದುರಿನ ಟೀ ಅಂಗಡಿಯ ಸಾಬರು ಅದಕ್ಕೆ ಉರ್ದುವಿನಲ್ಲಿ ತಶ್ತರಿ ಎಂದು ಹೆಸರಿಟ್ಟರು, ಉಳಿದವರು ತಟ್ಟೆ ಬಿಲ್ಡಿಂಗು ಅಂದರು. ನೋಡುವುದಕ್ಕೆ ಬಂದವರು ಬಂದರೇ ಹೊರತು ಬಾಡಿಗೆಗೆ ತೆಗೆದುಕೊಳ್ಳುವವರು ಬರಲಿಲ್ಲ. ಒಳಗೆ ಭಾಷಣ ಮಾಡಿದರೆ ಮಾತು ಹೋಗಿ ತಟ್ಟೆಗೆ ಬಡಿದು ವಾಪಸು ಬರುತ್ತಿತ್ತು, ಒಂದು ಸಾಲು ಹೇಳಿದರೆ ಮೂರು ಸಾಲು ಕೇಳುತ್ತಿತ್ತು. ಮದುವೆಯವರಿಗಂತೂ ಸುತರಾಂ ಬೇಡ. ಬಾಳೆಕಂದು ಕಟ್ಟಲು ಕಂಬವಿಲ್ಲ, ದುಂಡಗಿನ ಮನೆಯಲ್ಲಿ ಈಶಾನ್ಯ ಮೂಲೆ ಯಾವುದು? ಮೂಲೆಯಿಲ್ಲದ ಮನೆಯಲ್ಲಿ ದೇವರನ್ನು ಎಲ್ಲಿ ಕೂರಿಸುವುದು ಎಂದು ಪುರೋಹಿತರೊಬ್ಬರು ಕೇಳಿದ ಮೇಲೆ ಆ ಬಾಗಿಲೂ ಮುಚ್ಚಿತು. ಇಪ್ಪತ್ತೈದು ವರ್ಷ ಮುಂದಿನ ಕಟ್ಟಡ ಐದು ವರ್ಷದಲ್ಲಿ ಬಿತ್ತನೆ ಬೀಜದ ಗೋದಾಮಾಯಿತು. ಕಡಲೆಕಾಯಿ ಚೀಲಗಳಿಗೆ ಈಶಾನ್ಯದ ಯೋಚನೆಯಿಲ್ಲ.

ಮೇಸ್ತ್ರಿ ಆ ಹೊತ್ತಿಗೆ ಬೇರೆ ಕಡೆಯೆಲ್ಲ ಕೆಲಸ ಮಾಡಿ ಹೆಸರು ಮಾಡಿದ್ದ. ಪಾವಗಡದ ತನಕ ಅವನನ್ನು ಕರೆಯುತ್ತಿದ್ದರು. ಆದರೂ ಪ್ರತಿ ಮುಂಗಾರಿಗೆ ಮುಂಚೆ ಸಿರಾಕ್ಕೆ ಬಂದು, ಏಣಿ ಹಾಕಿ ಹತ್ತಿ, ಅಂಚಿನ ಸುರುಳಿಯಲ್ಲಿ ಬಿದ್ದ ಬೇವಿನ ಎಲೆ, ಪಾರಿವಾಳದ ಪುಕ್ಕ ಎಲ್ಲ ಬಾಚಿ, ಕಾಲಿನ ಪೈಪುಗಳಲ್ಲಿ ನೀರು ಬಿಟ್ಟು ನೋಡಿ ಹೋಗುತ್ತಿದ್ದ. ಯಾರೂ ಹೇಳಿದ್ದಲ್ಲ. ಆಮೇಲೆ ಅವನೇ ಒಂದು ದಿನ ಬಂದು ಇಲ್ಲೇ ಕಾವಲಿಗೆ ಹಾಕಿಕೊಳ್ಳಿ ಎಂದ. ಮೇಸ್ತ್ರಿ ಕೆಲಸ ಬಿಟ್ಟು ಕಾವಲುಗಾರ ಆಗುತ್ತೀಯಾ ಎಂದು ನಾನು ಗೇಲಿ ಮಾಡಿದೆ. ಮಾಡುವ ಕೆಲಸವನ್ನೂ ಮಾಡುತ್ತೇನೆ, ಸಂಜೆ ಬಂದು ಇಲ್ಲಿ ಮಲಗುತ್ತೇನೆ, ಇದನ್ನು ನೋಡುವವರು ಯಾರೂ ಇಲ್ಲ ಎಂದ. ದಿನಗೂಲಿಯ ಮೇಲೆ ಹಾಕಿಕೊಂಡೆ.

ಸೋರುವುದು ಶುರುವಾಯಿತು. ಮೊದಲು ಒಂದು ಕಾಲಿನ ಬುಡದಲ್ಲಿ, ಆಮೇಲೆ ನೆತ್ತಿಯಲ್ಲಿ. ಪೈಪು ಬದಲಾಯಿಸಬೇಕು, ಮೇಲೆ ತೆಳುವಾಗಿ ಡಾಂಬರು ಬಳಿಸಬೇಕು ಎಂದು ಮೇಸ್ತ್ರಿ ಹೇಳಿದ. ನಾನು ಎಸ್ಟಿಮೇಟು ಬರೆದು ಮೇಲಕ್ಕೆ ಕಳಿಸಿದೆ. ಅದು ವಾಪಸು ಬಂತು. ಮತ್ತೆ ಕಳಿಸಿದೆ, ಮತ್ತೆ ಬಂತು. ಆರ್ಕಿಟೆಕ್ಟನ ಅಭಿಪ್ರಾಯ ಲಗತ್ತಿಸಿ ಎಂದರು. ಅವನು ಆಗಲೇ ಹೊರದೇಶಕ್ಕೆ ಹೋಗಿ ನೆಲೆಸಿದ್ದ. ಮೂರನೆಯ ಸಲ ಬಂದಾಗ ನನಗೆ ಸಾಕುಸಾಕಾಗಿ ಹೋಯಿತು. ಮುಂಗಾರು ಎದುರಿಗಿತ್ತು, ಒಳಗೆ ರೈತರಿಗೆ ಹಂಚುವ ಬೀಜ, ಬೀಜ ನೆನೆದರೆ ಗತಿಯೇನು ಎಂದು ದಿನಾ ಒಬ್ಬರು ಬಂದು ಜಗಳ ಕಾಯುತ್ತಿದ್ದರು.

ನಾನು ಹುಟ್ಟಿದ್ದು ಪಾವಗಡದ ಕಡೆ ಒಂದು ಹಳ್ಳಿಯ ಮಾಳಿಗೆ ಮನೆಯಲ್ಲಿ. ನಮ್ಮ ಕಡೆ ಮನೆಗಳಿಗೆ ಹೆಂಚಿಲ್ಲ. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕೆರೆಯಂಗಳದಿಂದ ಬಿಳಿಯ ಚೌಳು ಮಣ್ಣನ್ನು ಗಾಡಿಯಲ್ಲಿ ತಂದು ಮಾಳಿಗೆಯ ಮೇಲೆ ಹರಡಿ ತುಳಿದರೆ ಮುಗಿಯಿತು, ಒಂದು ಹನಿ ಒಳಗೆ ಬರುವುದಿಲ್ಲ. ಓದಿದ ಇಂಜಿನಿಯರಿಂಗ್ ಎಷ್ಟಿದ್ದರೂ ಮನುಷ್ಯನಿಗೆ ಸಾಕಾದಾಗ ನೆನಪಾಗುವುದು ಅಪ್ಪ ಮಾಡಿದ್ದೇ. ತಟ್ಟೆಗೆ ಎರಡು ಗಾಡಿ ಚೌಳು ಮಣ್ಣು ಹೊಡೆಸಿಬಿಡೋಣ ಎಂದೆ. ಊರಿನವರೆಲ್ಲ ಭೇಷ್ ಅಂದರು. ಇಷ್ಟು ದಿನ ಯಾಕೆ ಹಾಕಿಸಲಿಲ್ಲ ಎಂದೇ ಎಲ್ಲರೂ ಕೇಳಿದ್ದು.

ಮೇಸ್ತ್ರಿ ಒಬ್ಬನೇ ಒಪ್ಪಲಿಲ್ಲ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಇದು ಮಾಳಿಗೆ ಅಲ್ಲ ಸಾಮಿ. ಮಾಳಿಗೆಗೆ ತೊಲೆ ಅದೆ, ಜಂತೆ ಅದೆ, ಮಣ್ಣು ಹೊರ್ತದೆ. ಇದು ತನ್ನ ಭಾರ ತಾನೇ ಹೊತ್ಕೊಂಡು ನಿಂತದೆ. ಇನ್ನೊಂದು ಹೊರೆ ಹಾಕ್ಬ್ಯಾಡಿ. ಮಣ್ಣು ಕೊಚ್ಕೊಂಡೋಗಿ ಪೈಪ್ ಕಟ್ಕಂತು ಅಂದ್ರೆ ಮ್ಯಾಲೆ ಕೆರೆ ಆಯ್ತದೆ. ಚೌಳು ಕಂಬಿ ತಿಂತದೆ."

ನಾನು ಕೇಳಲಿಲ್ಲ. ನಮ್ಮಪ್ಪ ಆಯುಸ್ಸು ಪೂರ್ತಿ ಹಾಕಿಸಿದ್ದಾನೆ, ನೀನು ನನಗೆ ಹೇಳಿಕೊಡಬೇಡ ಎಂದು ರೇಗಿದೆ. ಹಾಗಾದರೆ ನೀವೇ ಹಾಕಿಸಿ, ನಾನು ಕೈ ಇಕ್ಕುವುದಿಲ್ಲ ಎಂದು ಹೇಳಿ ಅವನು ಟೀ ಅಂಗಡಿಯ ಮುಂದೆ ಹೋಗಿ ಕೂತ. ಬೇರೆ ಆಳುಗಳನ್ನು ಕರೆಸಿದೆ. ಎರಡು ಗಾಡಿ ಅಂದುಕೊಂಡದ್ದು ಆರು ಗಾಡಿಯಾಯಿತು.

ಮಳೆ ನಮ್ಮ ಕಡೆ ಬಂದರೆ ಒಂದು ಗಳಿಗೆ, ಹೋದರೆ ಆರು ತಿಂಗಳು. ಆ ವರ್ಷ ಮಾತ್ರ ಮೂರು ದಿನ ಹಿಡಿದುಕೊಂಡಿತು. ಮೂರನೆಯ ದಿನ ಮಧ್ಯಾಹ್ನ ಬೀಜಕ್ಕೆಂದು ಬಂದ ಜನ ಮಳೆಗೆ ಒಳಗೇ ನಿಂತಿದ್ದರು. ಕೈ ಇಕ್ಕುವುದಿಲ್ಲ ಎಂದಿದ್ದ ಮೇಸ್ತ್ರಿ ಮೇಲೆ ಹತ್ತಿ, ಗೋಣಿಚೀಲ ಕೊಪ್ಪೆ ಹಾಕಿಕೊಂಡು, ಪೈಪಿನ ಬಾಯಿಗಳಿಂದ ಕೆಸರನ್ನು ಕೈಯಿಂದಲೇ ಬಗೆದು ಬಗೆದು ಹಾಕುತ್ತಿದ್ದ. ಒಂದು ಬಾಯಿ ಬಿಡಿಸಿದರೆ ಇನ್ನೊಂದು ಕಟ್ಟುತ್ತಿತ್ತು. ಅಂಚಿನ ತುಂಬ ನೀರು ನಿಂತಿತ್ತು. ಒಣಗಿದ ಮರ ಸೀಳಿದಂಥ ಸದ್ದಾಯಿತು. ಅವನು ಏಣಿಯನ್ನೂ ಹುಡುಕದೆ ಕಟ್ಟಡದ ಕಾಲು ಹಿಡಿದು ಜಾರಿಕೊಂಡು ಇಳಿದು, ಒಳಗಿದ್ದವರನ್ನೆಲ್ಲ ಬೈದು ನೂಕಿ ಹೊರಗೆ ಹಾಕಿದ. ಯಾರಿಗೂ ಏನೂ ಆಗಲಿಲ್ಲ. ತಟ್ಟೆ ಅಂಚಿನಿಂದ ನೆತ್ತಿಯವರೆಗೆ ಬಿರುಕು ಬಿಟ್ಟು, ಒಂದು ಕಡೆ ಒಂದು ಗೇಣು ಕುಗ್ಗಿತು. ಬಿರಿಯಿತೇ ಹೊರತು ಬೀಳಲಿಲ್ಲ.

ಮಳೆ ನಿಂತ ಕೂಡಲೇ ಅವನೂ ಅವನ ಹೆಂಡತಿಯೂ ಮೇಲೆ ಹತ್ತಿ ನಾಲ್ಕು ದಿನ ಆ ಮಣ್ಣನ್ನೆಲ್ಲ ಹೊತ್ತು ಕೆಳಗೆ ಹಾಕಿದರು, ತೊಳೆದರು. ಭಾರ ಇಳಿಸಿದರೆ ಬಿರುಕು ಹೆಚ್ಚುವುದಿಲ್ಲ ಎಂದು. ಅದು ಸರಿಯಾದ ಕೆಲಸವೇ. ಆದರೆ ಮೇಲಧಿಕಾರಿಗಳು ತಪಾಸಣೆಗೆ ಬಂದ ದಿನ ತಟ್ಟೆಯ ಮೇಲೆ ಒಂದು ಹಿಡಿ ಮಣ್ಣಿರಲಿಲ್ಲ. ನನಗೆ ಅದು ಅನುಕೂಲವಾಯಿತು.

ಊರಿಗೆಲ್ಲ ಮಣ್ಣಿನ ವಿಷಯ ಗೊತ್ತಿತ್ತಲ್ಲ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಮಣ್ಣು ಹಾಕಿದ್ದು ತಪ್ಪು ಎಂದು ಊರಿನಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಎರಡು ಮಂಕರಿ ಮಣ್ಣು ತಡೆಯಲಾರದ ಕಟ್ಟಡ ಎಂಥಾ ಕಟ್ಟಡ, ಮೇಸ್ತ್ರಿ ಸಿಮೆಂಟು ತಿಂದಿರಬೇಕು ಎಂದೇ ಮಾತಾಡಿಕೊಂಡರು. ಮರಳನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದವನ ಬಗ್ಗೆ ಈ ಮಾತು.

ವರದಿ ಬರೆಯಬೇಕಾದವನು ನಾನು. ನನಗೆ ಆಗ ಮೂವರು ಮಕ್ಕಳು, ಹಾಸಿಗೆ ಹಿಡಿದ ತಾಯಿ. ಅಮಾನತ್ತಾದರೆ ಸಂಸಾರದ ಗತಿಯೇನು ಎಂದು ಹೆದರಿದ್ದೆ. ಮೂರು ಪುಟ ಬರೆದೆ. ಅದರಲ್ಲಿ ಮಣ್ಣು ಅನ್ನುವ ಶಬ್ದವೇ ಇರಲಿಲ್ಲ. ಕಾಮಗಾರಿಯ ಗುಣಮಟ್ಟ ಕಳಪೆ, ಸೆಂಟ್ರಿಂಗಿನ ಬಾಗು ನಕ್ಷೆಗೆ ಅನುಗುಣವಾಗಿಲ್ಲ, ಮೇಸ್ತ್ರಿಯ ನಿರ್ಲಕ್ಷ್ಯ ಎಂದು ಬರೆದೆ. ಕಂಟ್ರಾಕ್ಟರು ಆ ವೇಳೆಗೆ ತೀರಿಹೋಗಿದ್ದ, ಅವನ ಹೆಸರನ್ನೂ ಸೇರಿಸಿದೆ. ಕೊನೆಯಲ್ಲಿ ಇದಕ್ಕೆ ಮೇಸ್ತ್ರಿಯ ಒಪ್ಪಿಗೆ ಬೇಕು, ಒಂದು ಹೆಬ್ಬೆಟ್ಟು.

ಅವನನ್ನು ಆಫೀಸಿಗೆ ಕರೆಸಿದೆ. ಕೂರು ಎಂದೆ, ಕೂರಲಿಲ್ಲ. ಏನು ಬರೆದಿದ್ದೀರಿ, ಒಂದು ಸಲ ಓದಿ ಎಂದ. ನಾನು ಕಾಗದ ಮುಂದೆ ಹಿಡಿದುಕೊಂಡು, ಮಳೆ ವಿಪರೀತವಾಯಿತು, ಪೈಪು ಕಟ್ಟಿಕೊಂಡಿತು, ಮಣ್ಣಿನ ಭಾರಕ್ಕೆ ಬಿರುಕು ಬಿಟ್ಟಿತು, ಕಟ್ಟಿದ ಕೆಲಸದಲ್ಲಿ ದೋಷವಿಲ್ಲ ಎಂದು ಬಾಯಿಗೆ ಬಂದದ್ದನ್ನು ಓದಿದೆ. ಮೂರು ಪುಟವನ್ನು ನಾಲ್ಕು ಮಾತಿನಲ್ಲಿ ಮುಗಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಕೆಲ್ಸದಲ್ಲಿ ದೋಸ ಇಲ್ಲ ಅಂತ ಬರ್ದಿದೀರಲ್ಲ ಸಾಮಿ?" ಎಂದು ಮತ್ತೊಮ್ಮೆ ಕೇಳಿದ. ಹೂಂ ಎಂದೆ. ಇಂಕಿನ ಡಬ್ಬಿಗೆ ಹೆಬ್ಬೆರಳು ಒತ್ತಿ ನಾನು ತೋರಿಸಿದ ಕಡೆ ಒತ್ತಿದ. ಗೋಡೆಗೆ ಒರೆಸಬಾರದೆಂದು ಬೆರಳನ್ನು ತನ್ನ ಅಂಗಿಗೇ ಒರೆಸಿಕೊಂಡು ಹೋದ.

ಆಮೇಲಿನದು ನೀವು ಊಹಿಸುವಂಥದ್ದೇ. ಕಾವಲಿನ ಕೆಲಸ ಹೋಯಿತು. ಕಪ್ಪುಪಟ್ಟಿ ಅನ್ನುವ ಮಾತು ಕಂಟ್ರಾಕ್ಟರುಗಳ ಬಾಯಲ್ಲಿ ಓಡಾಡಿತು. ಬಿರುಕು ಮೇಸ್ತ್ರಿ ಎಂದು ಅಡ್ಡಹೆಸರಾಯಿತು. ಪಾವಗಡದ ತನಕ ಕರೆಯುತ್ತಿದ್ದವನನ್ನು ಬರಗೂರಿನಲ್ಲಿ ದನದ ಕೊಟ್ಟಿಗೆಗೂ ಕರೆಯಲಿಲ್ಲ. ಅವನು ಮತ್ತೆ ಅಣ್ಣನ ಕುರಿ ಹಿಂಡಿನ ಹಿಂದೆ ಹೋದನೆಂದು ಕೇಳಿದೆ. ಕೇಳಿದೆ ಅಷ್ಟೇ, ಹೋಗಿ ನೋಡಲಿಲ್ಲ. ಅಷ್ಟರಲ್ಲಿ ನನಗೆ ಮಧುಗಿರಿಗೆ ವರ್ಗವಾಗಿತ್ತು.

ಎರಡು ವರ್ಷದ ಮೇಲೆ ಕಟ್ಟಡವನ್ನು ಕೆಡವುವುದೆಂದು ತೀರ್ಮಾನವಾಯಿತು. ಅದರ ಒಳಹೊರಗು ಬಲ್ಲವನು ನಾನೇ ಎಂದು ನನ್ನನ್ನೇ ಉಸ್ತುವಾರಿಗೆ ಕಳಿಸಿದರು. ಆಂಧ್ರದ ಕಡೆಯಿಂದ ಒಡೆಯುವ ಆಳುಗಳು ಬಂದಿದ್ದರು. ಬಿರುಕು ಬಿಟ್ಟ ಕಟ್ಟಡ ತಾನೇ, ಮೂರು ದಿನ ಸಾಕು ಎಂದು ಮಾತು. ಮೂರು ವಾರವಾಯಿತು. ಸುತ್ತಿಗೆ ಹೊಡೆದರೆ ಪುಟಿದು ಬರುತ್ತಿತ್ತು. ಅವರ ಮುಖಂಡ ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು, "ಎವುರು ಸಾರ್ ಕಟ್ಟಿಂದಿ ಇದಿ?" ಎಂದು ಕೇಳಿದ, ಯಾರು ಕಟ್ಟಿದ್ದು ಎಂದು. ಟೀ ಅಂಗಡಿಯ ಮುಂದೆ ಕಂಬಳಿ ಹೊದ್ದು ಮೇಸ್ತ್ರಿ ನಿಂತಿದ್ದ. ದಿನಾ ಬಂದು ನಿಲ್ಲುತ್ತಿದ್ದ. ಕೈ ಎತ್ತಿ ತೋರಿಸುವಷ್ಟು ಹತ್ತಿರ. ಗೊತ್ತಿಲ್ಲ, ಹಳೆಯದು ಎಂದೆ. ಈಗ ಅಲ್ಲಿ ಸಾಲು ಅಂಗಡಿಗಳಿವೆ, ಎಲ್ಲದಕ್ಕೂ ನಾಲ್ಕು ನಾಲ್ಕು ಮೂಲೆ.

ಸೋಮವಾರ ನಾನು ಹಟ್ಟಿಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಬದುಕಿದ್ದಾಗ ಬರದವನು ತಿಥಿಗೆ ಬಂದು ಏನು ಕಿಸಿಯುತ್ತೀಯಾ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಚಪ್ಪರದ ಕೆಳಗೆ ಜನ ಸೇರಿದ್ದರು. ಅವನ ಜೊತೆ ಕೆಲಸ ಮಾಡಿದ ಮೇಸ್ತ್ರಿಗಳು, ಆಮೇಲೆ ಅವನನ್ನು ಕರೆಯದೆ ಹೋದ ಮೇಸ್ತ್ರಿಗಳು, ಎಲ್ಲರೂ ಇದ್ದರು. ಅವನ ಹೆಂಡತಿ ನನ್ನನ್ನು ನೋಡಿದ ಕೂಡಲೇ 'ಓವರ್ಸೀರ್ ಸಾಮಿ' ಎಂದಳು. ಚಾಪೆ ಹಾಕಿಸಿ, ನೀರು ಕೊಟ್ಟು, ಎದುರಿಗೆ ಕೂತಳು. ಕಣ್ಣೀರಿಲ್ಲ.

"ಒಂದು ಕೇಳ್ತೀನಿ, ಇವತ್ತಾರ ದಿಟ ಹೇಳಿ. ನಮ್ಮೋನು ಕಟ್ಟಿದ್ದು ಕೆಟ್ಟದಾಗಿತ್ತಾ?"

ಇಲ್ಲ ಎಂದೆ. ತಪ್ಪು ನನ್ನದು, ಮಣ್ಣು ಹಾಕಿಸಿದ್ದು ನಾನು, ವರದಿಯಲ್ಲಿ ಸುಳ್ಳು ಬರೆದವನೂ ನಾನು, ಅವನಿಗೆ ಸುಳ್ಳು ಓದಿ ಹೇಳಿದವನೂ ನಾನು ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳಿದ ಮೇಲೂ ಮನಸ್ಸು ಹಗುರವಾಗಲಿಲ್ಲ.

"ಅವ್ನಿಗೆ ಗೊತ್ತಿತ್ತು," ಎಂದಳು. "ಆಫೀಸಿಂದ ಬಂದೋನೇ ಅಂದ, ಮೂರು ಹಾಳೆ ತಿರುವಿ ಹಾಕಿದ್ರು, ಓದಿದ್ದು ನಾಕೇ ಮಾತು ಅಂತ. ಹಂಗಾರೆ ಯಾಕೆ ಹೆಬ್ಬೆಟ್ಟು ಒತ್ತಿದೆ ಅಂತ ನಾನು ಜಗಳ ಆಡ್ದೆ. ಅದ್ಕೆ ಅವ್ನು, ಒತ್ತದೆ ಹೋದ್ರೆ ಅವ್ರ ಕೆಲ್ಸ ಹೋಯ್ತದೆ, ಒತ್ತಿದ್ರೆ ನನ್ನ ಹೆಸ್ರು ಹೋಯ್ತದೆ. ಮಕ್ಳೊಂದಿಗ್ರು, ಈಗ ಹೆದ್ರಿಕೊಂಡವ್ರೆ. ಮಳೆ ನಿಂತ ಮ್ಯಾಲೆ ಬಂದು ಅವ್ರೇ ಹೇಳ್ತಾರೆ ಅಂದ. ಕಾದ ಸಾಮಿ. ಬಸ್ಸು ನಿಂತಾಗೆಲ್ಲ ನೋಡೋನು."

ಸತ್ತವನು ನನ್ನ ಬಗ್ಗೆ ನನಗಿಂತ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದ. ಅದನ್ನು ಕೇಳುವುದಕ್ಕಿಂತ ನಾಲ್ಕು ಬೈಗುಳ ಕೇಳಿದ್ದರೆ ಸುಖವಾಗಿರುತ್ತಿತ್ತು.

ನನ್ನೊಬ್ಬಳಿಗೆ ಹೇಳಿ ಪ್ರಯೋಜನವಿಲ್ಲ, ನನಗೆ ಮೊದಲೇ ಗೊತ್ತಿತ್ತು, ಬರೆದುಕೊಡಿ ಎಂದಳು. ಸೊಸೆಯನ್ನು ಕರೆದು ಮಕ್ಕಳ ನೋಟುಪುಸ್ತಕದಿಂದ ಒಂದು ಹಾಳೆ ಕೀಳಿಸಿದಳು. ನಾನು ತೊಡೆಯ ಮೇಲೆ ಇಟ್ಟುಕೊಂಡು ಬರೆದೆ. ಮೂವತ್ತು ವರ್ಷ ವರದಿ ಬರೆದ ಕೈ ಅಂದು ಅರ್ಧ ಪುಟಕ್ಕೆ ಬೆವರಿತು. ಅವನ ಹೆಸರು, ಅವನ ತಂದೆಯ ಹೆಸರು, ಹಟ್ಟಿಯ ಹೆಸರು ಹಾಕಿದೆ. ಕೆಳಗೆ ನನ್ನ ಸಹಿ ಹಾಕಿದೆ. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ ಎಂದೆ.

"ನೀವು ಓದ್ಬ್ಯಾಡಿ ಸಾಮಿ," ಎಂದು ಹೇಳಿ ಆಕೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು.

ಅದನ್ನು ಸೊಸೆಗೆ ಕೊಟ್ಟಳು. ಏಳನೇ ಕ್ಲಾಸು ಓದಿದ ಹುಡುಗಿ, ಅಷ್ಟು ಜನರ ಮುಂದೆ ನಾಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಚಪ್ಪರದಲ್ಲಿ ಊಟಕ್ಕೆ ಕೂತಿದ್ದವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಮೇಸ್ತ್ರಿ ಬೇಡವೆಂದರೂ ಕೇಳದೆ ಅವನ ಕಟ್ಟಡದ ಮೇಲೆ ಚೌಳು ಮಣ್ಣು ಹೊರಿಸಿದವನು ನಾನು, ಮಾಳಿಗೆಗೆ ಸರಿಯಾದದ್ದು ಅದಕ್ಕೆ ತಪ್ಪಾಗಿತ್ತು, ಅವನ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ, ಎನ್ನುವಲ್ಲಿಗೆ ಬಂದು ಅವಳು ನಿಲ್ಲಿಸಿದಳು. ನಾನು ನೆಲ ನೋಡುತ್ತಾ ನಿಂತಿದ್ದೆ.

"ಇನ್ನೊಂದ್ಸಲ ಓದವ್ವ," ಎಂದಳು ಅವನ ಹೆಂಡತಿ.

ಸೊಸೆ ಮತ್ತೆ ಮೊದಲಿನಿಂದ ಓದಿದಳು.